ಹಳೆ ಸಾಫ್ಟ್‌ವೇರ್ ಓಡಿಸಲು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್: ಯಾವ ಬೋರ್ಡ್ ತಗೊಳ್ಳಲಿ?

ನವನಗರ ಪ್ರೆಸ್ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಪ್ರೆಸ್. ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆ ಹ್ಯಾಂಡ್‌ಬಿಲ್, ಸೊಸೈಟಿಗಳ ವಾರ್ಷಿಕ ವರದಿ, ಇಂಥ ಕೆಲಸ. ಎಲ್ಲವೂ ಒಂದೇ ಹಳೆ ಕಂಪ್ಯೂಟರ್ ಮೇಲೆ ನಡೆಯುತ್ತದೆ. ಪೆಂಟಿಯಂ 4 ಪ್ರೊಸೆಸರ್, ಇಂಟೆಲ್ 845 ಚಿಪ್‌ಸೆಟ್‌ನ ಮದರ್‌ಬೋರ್ಡ್, ವಿಂಡೋಸ್ ಎಕ್ಸ್‌ಪಿ. ಈಗ ಅದು ಬೆಳಗ್ಗೆ ಒಂದೇ ಸಲಕ್ಕೆ ಆನ್ ಆಗುವುದಿಲ್ಲ, ಆನ್ ಆದರೂ ಕೆಲಸದ ನಡುವೆ ತಾನೇ ರೀಸ್ಟಾರ್ಟ್ ಆಗುತ್ತದೆ. ಬಿಚ್ಚಿ ನೋಡಿದರೆ ಪ್ರೊಸೆಸರ್ ಪಕ್ಕದ ಕೆಪಾಸಿಟರ್‌ಗಳ ತಲೆ ಉಬ್ಬಿವೆ.

ಅದರಲ್ಲಿ ಮೂರು ಮುಖ್ಯ ಸಾಫ್ಟ್‌ವೇರ್ ಇವೆ. ಒಂದು, ಪುಟ ಜೋಡಿಸುವ ಪೇಜ್‌ಮೇಕರ್ 7. ಎರಡನೆಯದು ಹಳೆ ಕನ್ನಡ ಅಕ್ಷರಗಳ ಪ್ಯಾಕೇಜ್, ಅದಕ್ಕೆ ಕಂಪ್ಯೂಟರಿನ ಹಿಂದಿನ 25 ಪಿನ್‌ನ ಪ್ಯಾರಲಲ್ ಪೋರ್ಟಿಗೆ ಲಾಕ್ (ಅದಿಲ್ಲದೆ ಸಾಫ್ಟ್‌ವೇರ್ ತೆರೆಯದಂತೆ ಮಾಡುವ ಸಣ್ಣ ಸಾಧನ) ಹಾಕಬೇಕು, ಲಾಕಿನ ಬೆನ್ನಿಗೇ ಪ್ರಿಂಟರ್ ಕೇಬಲ್ ಕೂರುತ್ತದೆ. ಮೂರನೆಯದು, ಡಾಸ್ ಕಾಲದ ಫಾಕ್ಸ್‌ಪ್ರೊ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ಬರೆಸಿದ ಬಿಲ್ಲಿಂಗ್. ಬರೆದುಕೊಟ್ಟವರು ಈಗ ಆ ಕೆಲಸದಲ್ಲಿಲ್ಲ. ಬಿಲ್ ಟಿವಿಎಸ್ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಮೇಲೆ ಬರುತ್ತದೆ.

ನನಗೆ ಮೂರು ಮಷಿನ್ ತೋರಿಸಿದ್ದಾರೆ. 865 ಬೋರ್ಡಿನ ಇನ್ನೊಂದು ಪೆಂಟಿಯಂ 4, ಜಿ41 ಬೋರ್ಡಿನ ಕೋರ್ 2 ಡ್ಯುಯೊ, ಎಚ್61 ಬೋರ್ಡಿನ ಮೂರನೇ ತಲೆಮಾರಿನ ಐ3. ಅಂಗಡಿಯವರು ಐ3 ತಗೊಳ್ಳಿ, ವಿಂಡೋಸ್ 10 ಹಾಕಿಕೊಡುತ್ತೇವೆ, ಎಲ್ಲ ಓಡುತ್ತದೆ ಅನ್ನುತ್ತಾರೆ. ನನಗೆ ಧೈರ್ಯ ಬರುತ್ತಿಲ್ಲ. ಲಗ್ನದ ಸೀಸನ್ ಹತ್ತಿರ ಬಂದಿದೆ. ಏನು ಮಾಡಲಿ?

ಟಿಳಕವಾಡಿ ರಿಪೇರಿ (ಬೆಳಗಾವಿ)

ಸರ್, ಮಷಿನ್ ಮಾತು ಆಮೇಲೆ. ಮೊದಲು ಆ ಹಳೆ ಕಂಪ್ಯೂಟರ್ ಆಫ್ ಮಾಡಿ, ಹಾರ್ಡ್ ಡಿಸ್ಕ್ ಹೊರಗೆ ತೆಗೆಯಿರಿ. ಉಬ್ಬಿದ ಕೆಪಾಸಿಟರ್ ಇರುವ ಬೋರ್ಡ್ ಸರಿಯಾದ ವೋಲ್ಟೇಜ್ ಕೊಡುವುದಿಲ್ಲ. ಬರೆಯುತ್ತಿರುವಾಗ ರೀಸ್ಟಾರ್ಟ್ ಆದರೆ ಫೈಲ್ ಕೆಡುತ್ತದೆ, ಫಾಕ್ಸ್‌ಪ್ರೊ ಇಂಡೆಕ್ಸ್ ಅಂತೂ ಮೊದಲು ಕೆಡುತ್ತದೆ.

ಹಳೆ ಡಿಸ್ಕಿನ ಐಡಿಇ ಕನೆಕ್ಟರಿನಿಂದ ಯುಎಸ್‌ಬಿಗೆ ಹಾಕುವ ಅಡಾಪ್ಟರ್ ಸಿಗುತ್ತದೆ. ಡಿಸ್ಕ್ ಅನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಕ್ಲೋನ್‌ಜಿಲ್ಲಾ ಇಂದ ಪೂರ್ತಿ ಡಿಸ್ಕಿನ ಇಮೇಜ್, ಅಂದರೆ ಯಥಾವತ್ ನಕಲು, ತೆಗೆದಿಡಿ. ಅದು ಉಚಿತ. ಓದುವಾಗ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಅಲ್ಲೇ ನಿಲ್ಲಿಸಿ, ಡಿಡಿರೆಸ್ಕ್ಯೂ ಬಳಸಿ. ಅದು ಚೆನ್ನಾಗಿರುವ ಜಾಗವನ್ನು ಮೊದಲು ಓದಿಕೊಂಡು, ಕೆಟ್ಟ ಜಾಗಕ್ಕೆ ಕೊನೆಗೆ ಬರುತ್ತದೆ. ಸುಮ್ನೆ ಫೋಲ್ಡರ್ ಕಾಪಿ ಮಾಡಿದರೆ ಸಾಲದು. ಲಾಕಿನ ಡ್ರೈವರ್, ರಿಜಿಸ್ಟ್ರಿ, ಫಾಂಟ್‌ಗಳು ಎಲ್ಲ ಬೇರೆ ಬೇರೆ ಕಡೆ ಇರುತ್ತವೆ. ಒಂದು ಇಮೇಜ್ ನಿಮ್ಮ ಹತ್ತಿರ, ಇನ್ನೊಂದು ಮನೆಯಲ್ಲಿ ಇಡಿ. ಡಿಸ್ಕ್ ಯಾರ ಕೈಗೂ ಕೊಟ್ಟು ಬರಬೇಡಿ. ನೀವು ಹೇಳದಿದ್ದರೂ ಫಾರ್ಮ್ಯಾಟ್ ಮಾಡಿ ಕೊಡುವವರು ಇದ್ದಾರೆ.

ಸೊಸೈಟಿ ಲೆಕ್ಕ (ವಿಜಯಪುರ)

ಮೇಲಿನವರು ಹೇಳಿದ್ದು ಸರಿ. ನಾನು ಪತ್ತಿನ ಸಹಕಾರಿ ಸಂಘದಲ್ಲಿ ಲೆಕ್ಕ ನೋಡುತ್ತೇನೆ, ನಮ್ಮ ಹಳೆ ಖಾತೆಗಳು ಇವತ್ತಿಗೂ ಫಾಕ್ಸ್‌ಪ್ರೊದಲ್ಲೇ ಇವೆ. ಆಡಿಟ್‌ಗೆ ಹಳೆ ವರ್ಷದ ಲೆಜರ್ ಕೇಳಿದಾಗ ತೆಗೆದುಕೊಡಲೇಬೇಕು. ಹಾಗಾಗಿ ಈ ಕಷ್ಟ ಚೆನ್ನಾಗಿ ಗೊತ್ತು.

ವಿಂಡೋಸ್ 10 ಹಾಕಿಕೊಡುತ್ತೇವೆ ಎಂದವರನ್ನು ಒಂದು ಪ್ರಶ್ನೆ ಕೇಳಿ: 32 ಬಿಟ್ಟೋ, 64 ಬಿಟ್ಟೋ? 64 ಬಿಟ್ ವಿಂಡೋಸ್ ಯಾವುದೇ ಇರಲಿ, ಅದರಲ್ಲಿ 16 ಬಿಟ್ ಡಾಸ್ ಪ್ರೋಗ್ರಾಂ ನೇರವಾಗಿ ಓಡುವುದಿಲ್ಲ. ಅದನ್ನು ಓಡಿಸುವ ಎನ್‌ಟಿವಿಡಿಎಂ ಎಂಬ ಭಾಗ 32 ಬಿಟ್‌ನಲ್ಲಿ ಮಾತ್ರ ಇದೆ. ವಿಂಡೋಸ್ 10ರ 32 ಬಿಟ್‌ನಲ್ಲಿ ಅದನ್ನು ವಿಂಡೋಸ್ ಫೀಚರ್ಸ್‌ಗೆ ಹೋಗಿ ಆನ್ ಮಾಡಿಕೊಳ್ಳಬೇಕು. ಮಾಡಿದರೂ ಡಾಸ್ ಪರದೆ ಪೂರ್ತಿ ಸ್ಕ್ರೀನ್‌ಗೆ ಬರುವುದಿಲ್ಲ, ವಿಸ್ಟಾ ಕಾಲದ ಹೊಸ ಡಿಸ್ಪ್ಲೇ ಡ್ರೈವರ್‌ಗಳಲ್ಲಿ ಆ ಸೌಲಭ್ಯ ಹೋಯಿತು. ವಿಂಡೋಸ್ 11ರಲ್ಲಿ 32 ಬಿಟ್ಟೇ ಇಲ್ಲ.

ಪೇಜ್‌ಮೇಕರ್ 32 ಬಿಟ್ ಪ್ರೋಗ್ರಾಂ, ಅದು 64 ಬಿಟ್‌ನಲ್ಲೂ ಓಡಬಹುದು. ಆದರೆ ಆ ಕಾಲದ ಎಷ್ಟೋ ಸಾಫ್ಟ್‌ವೇರ್‌ಗಳ ಸೆಟಪ್ ಮಾತ್ರ 16 ಬಿಟ್‌ನಲ್ಲಿರುತ್ತದೆ. ಒಳಗಿನದು ಓಡುವಂಥದ್ದಾದರೂ ಇನ್‌ಸ್ಟಾಲ್ ಆಗುವುದೇ ಇಲ್ಲ. ನಿಮ್ಮ ಅಕ್ಷರದ ಪ್ಯಾಕೇಜ್‌ದು ಅದಕ್ಕಿಂತ ದೊಡ್ಡ ತೊಂದರೆ. ಲಾಕಿಗೆ ಡ್ರೈವರ್ ಬೇಕು, 64 ಬಿಟ್ ವಿಂಡೋಸ್‌ಗೆ 64 ಬಿಟ್ ಡ್ರೈವರ್ರೇ ಬೇಕು. ಹಳೆ ಸಿಡಿಯಲ್ಲಿ ಅದು ಇರುವುದಿಲ್ಲ.

ಲ್ಯಾಬ್ ಹುಡುಗ (ಬೆಳಗಾವಿ)

ಅಣ್ಣಾ, ಹಳೆ ಮಷಿನ್ ಯಾಕೆ ಬೇಕು? ಆ ಐ3 ತಗೊಂಡು ಅದಕ್ಕೆ 8 ಜಿಬಿ ರ‍್ಯಾಮ್ ಹಾಕಿ, ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಇದ್ದಂತೆ ಮಾಡುವ ವರ್ಚುವಲ್‌ಬಾಕ್ಸ್‌ನಲ್ಲಿ ಎಕ್ಸ್‌ಪಿ ಓಡಿಸಿ. ಡಿಸ್ಕ್2ವಿಎಚ್‌ಡಿ ಅಂತ ಮೈಕ್ರೋಸಾಫ್ಟ್‌ನದೇ ಉಚಿತ ಸಾಧನ ಇದೆ, ಅದರ ಹಳೆ ಆವೃತ್ತಿ ಓಡುತ್ತಿರುವ ಎಕ್ಸ್‌ಪಿಯನ್ನು ಹಾಗೇ ವರ್ಚುವಲ್ ಡಿಸ್ಕ್ ಮಾಡುತ್ತದೆ. ಇಡೀ ಕಂಪ್ಯೂಟರ್ ಒಂದೇ ಫೈಲ್ ಆಗುತ್ತದೆ, ಪೆನ್ ಡ್ರೈವ್‌ನಲ್ಲಿ ಬ್ಯಾಕಪ್ ಇಡಬಹುದು. ನಾಳೆ ಈ ಐ3 ಕೆಟ್ಟರೂ ಬೇರೆ ಯಾವ ಕಂಪ್ಯೂಟರಿನಲ್ಲಾದರೂ ತೆರೆದುಕೊಳ್ಳುತ್ತದೆ. ಹಳೆ ಹಾರ್ಡ್‌ವೇರ್ ಹಿಂದೆ ಬಿದ್ದರೆ ಇನ್ನು ನಾಲ್ಕು ವರ್ಷಕ್ಕೆ ಮತ್ತೆ ಇದೇ ಹುಡುಕಾಟ ಅಲ್ವಾ?

ನವನಗರ ಪ್ರೆಸ್

ತಮ್ಮಾ, ಕೇಳಲು ಚೆನ್ನಾಗಿದೆ. ಆದರೆ ನನ್ನ ಲಾಕ್? ಅದನ್ನು ಎಲ್ಲಿಗೆ ಹಾಕಲಿ? ಯುಎಸ್‌ಬಿಯಿಂದ ಪ್ಯಾರಲಲ್ ಆಗುವ ಕೇಬಲ್ ಇದೆ, ಅದಕ್ಕೆ ಹಾಕಿ ಎಂದು ಅಂಗಡಿಯವರೂ ಹೇಳಿದರು.

ಉದ್ಯಮಬಾಗ (ಬೆಳಗಾವಿ)

ಆ ಕೇಬಲ್‌ಗೆ ದುಡ್ಡು ಹಾಕಬೇಡಿ. ಅದು ಪ್ಯಾರಲಲ್ ಪೋರ್ಟ್ ಅಲ್ಲ, ಪ್ರಿಂಟರ್ ಕೇಬಲ್ ಅಷ್ಟೇ. ಬರೀ ಪ್ರಿಂಟಿನ ಡೇಟಾ ಕಳಿಸಲು ಮಾಡಿದ್ದು. ಲಾಕ್ ಕೆಲಸ ಮಾಡುವುದು ಬೇರೆ ರೀತಿ. ಸಾಫ್ಟ್‌ವೇರ್ ಪೋರ್ಟಿನ ವಿಳಾಸಕ್ಕೆ, ಸಾಮಾನ್ಯವಾಗಿ 378ಕ್ಕೆ, ನೇರವಾಗಿ ಹೋಗಿ ಒಂದೊಂದು ಪಿನ್ ಎತ್ತಿ ಇಳಿಸಿ ಉತ್ತರ ಬಂತಾ ಎಂದು ನೋಡುತ್ತದೆ. ಯುಎಸ್‌ಬಿ ಕೇಬಲ್‌ನಲ್ಲಿ ಆ ವಿಳಾಸವೇ ಇಲ್ಲ. ಲಾಕ್ ಇಲ್ಲ ಎಂದೇ ಸಾಫ್ಟ್‌ವೇರ್ ಹೇಳುತ್ತದೆ.

ಪಿಸಿಐ ಸ್ಲಾಟಿಗೆ ಹಾಕುವ ಪ್ಯಾರಲಲ್ ಕಾರ್ಡ್ ಅದಕ್ಕಿಂತ ವಾಸಿ, ಅದು ನಿಜವಾದ ಪೋರ್ಟ್. ಆದರೆ ಅದಕ್ಕೆ ಸಿಗುವ ವಿಳಾಸ 378 ಆಗಿರುವುದಿಲ್ಲ. ವಿಂಡೋಸ್‌ನ ಲಾಕ್ ಡ್ರೈವರ್ ಕೆಲವು ಸಲ ಅದನ್ನು ಹುಡುಕಿಕೊಳ್ಳುತ್ತದೆ. ವಿಳಾಸವನ್ನು ಒಳಗೇ ಬರೆದಿಟ್ಟುಕೊಂಡ ಸಾಫ್ಟ್‌ವೇರ್ ಹುಡುಕುವುದಿಲ್ಲ. ನಿಮ್ಮದು ಯಾವ ಜಾತಿಯ ಲಾಕ್ ಎಂದು ಹಾಕಿ ನೋಡುವವರೆಗೆ ತಿಳಿಯುವುದಿಲ್ಲ.

ನನ್ನ ಮಾತು ಯಾಕೆ ನಂಬಬೇಕು ಎಂದರೆ, ಇಲ್ಲಿ ಉದ್ಯಮಬಾಗದಲ್ಲಿ ನಮ್ಮಂಥ ಮಷಿನ್ ಶಾಪ್‌ಗಳಿಗೆ ಇದು ದಿನದ ಪಾಡು. ನಮ್ಮದು ಸೀರಿಯಲ್ ಪೋರ್ಟ್. ಹಳೆ ಸಿಎನ್‌ಸಿಗೆ (ಪ್ರೋಗ್ರಾಂ ಪ್ರಕಾರ ತಾನೇ ಲೋಹ ಕತ್ತರಿಸುವ ಮಷಿನ್) ಪ್ರೋಗ್ರಾಂ ಆರ್‌ಎಸ್ 232 ಎಂಬ ಸೀರಿಯಲ್ ಸಂಪರ್ಕದ ಮೇಲೆ ಹೋಗುತ್ತದೆ. ಕಂಟ್ರೋಲರ್‌ನ ಮೆಮೊರಿ ಚಿಕ್ಕದು, ದೊಡ್ಡ ಡೈ ಪ್ರೋಗ್ರಾಂ ಅದರಲ್ಲಿ ಹಿಡಿಸುವುದಿಲ್ಲ, ಹಾಗಾಗಿ ಕಂಪ್ಯೂಟರ್ ಸ್ವಲ್ಪ ಸ್ವಲ್ಪವೇ ಕಳಿಸುತ್ತಿರಬೇಕು, ಮಷಿನ್ ಕತ್ತರಿಸುತ್ತಿರಬೇಕು. ಸಾಕು ನಿಲ್ಲಿಸು ಎಂದು ಮಷಿನ್ ಹೇಳಿದ ಕೂಡಲೇ ಕಂಪ್ಯೂಟರ್ ನಿಲ್ಲಿಸಬೇಕು. ಅಗ್ಗದ ಯುಎಸ್‌ಬಿ ಸೀರಿಯಲ್ ಕೇಬಲ್‌ಗಳು ಇಲ್ಲೇ ಕೈಕೊಡುತ್ತವೆ. ನಿಲ್ಲಿಸು ಎಂದ ಮೇಲೂ ಒಳಗೆ ತುಂಬಿದ್ದನ್ನು ಕಳಿಸಿಬಿಡುತ್ತವೆ, ಒಂದು ಅಕ್ಷರ ಬಿಟ್ಟುಹೋದರೂ ಜಾಬ್ ಹಾಳು. ಎಫ್‌ಟಿಡಿಐ ಚಿಪ್‌ನ ಒಳ್ಳೆ ಕೇಬಲ್ ನಡೆಯುತ್ತದೆ. ಆದರೂ ಬೋರ್ಡಿನಲ್ಲೇ ಇರುವ 9 ಪಿನ್ ಪೋರ್ಟ್ ಕೊಡುವ ನೆಮ್ಮದಿ ಬೇರೆ.

ಇನ್ನೊಂದು, ಸೀರಿಯಲ್ ಆಗಲಿ ಪ್ಯಾರಲಲ್ ಆಗಲಿ, ಎರಡೂ ಕಡೆ ಪವರ್ ಆಫ್ ಮಾಡಿಯೇ ಕೇಬಲ್ ಹಾಕಿ, ತೆಗೆಯಿರಿ. ಅರ್ಥಿಂಗ್ ಸರಿಯಿಲ್ಲದ ಕಡೆ ಹಾಗೇ ಹಾಕಿದರೆ ಪೋರ್ಟ್ ಸುಡುತ್ತದೆ. ಲಾಕ್ ಸುಟ್ಟರೆ ನಿಮಗೆ ಇನ್ನೊಂದು ಸಿಗುವುದಿಲ್ಲ.

ಲ್ಯಾಬ್ ಹುಡುಗ

ಸರಿ, ಲಾಕಿನ ವಿಷಯ ಒಪ್ಪಿದೆ. ವರ್ಚುವಲ್ ಮಷಿನ್‌ಗೆ ಯುಎಸ್‌ಬಿ ಲಾಕ್ ಆದರೆ ಸುಲಭವಾಗಿ ಕೊಡಬಹುದು, ಪ್ಯಾರಲಲ್‌ಗೆ ಕೆಳಗಿನ ಕಂಪ್ಯೂಟರಿನಲ್ಲೇ ನಿಜವಾದ ಪೋರ್ಟ್ ಬೇಕು, ಆಮೇಲೂ ಖಾತ್ರಿ ಇಲ್ಲ. ಆದರೆ ಬಿಲ್ಲಿಂಗ್‌ಗೆ ಲಾಕ್ ಇಲ್ಲವಲ್ಲ. ಅದನ್ನು ವಿಡಾಸ್ ಎಂಬ ಸಾಫ್ಟ್‌ವೇರ್‌ನಲ್ಲಿ ಓಡಿಸಬಹುದು. ಇಂಥ ಡಾಸ್ ಆಫೀಸ್ ಪ್ರೋಗ್ರಾಂಗಳಿಗೇ ಮಾಡಿದ್ದು, 64 ಬಿಟ್ ವಿಂಡೋಸ್ ಮೇಲೂ ಓಡುತ್ತದೆ, ಪ್ರಿಂಟನ್ನೂ ವಿಂಡೋಸ್ ಪ್ರಿಂಟರಿಗೆ ಕಳಿಸುತ್ತದೆ. ಡಾಸ್‌ಬಾಕ್ಸ್ ಬೇಡ, ಅದು ಆಟಗಳಿಗೆ ಮಾಡಿದ್ದು.

ಸೊಸೈಟಿ ಲೆಕ್ಕ (ವಿಜಯಪುರ)

ಹೌದು, ವಿಡಾಸ್ ನಾನೂ ಬಳಸುತ್ತೇನೆ, ಬರೀ ಹಳೆ ಲೆಜರ್ ನೋಡಲು ಸಾಕು. ದಿನಾ ಬಿಲ್ ಹಾಕುವವರಿಗೆ ಎಕ್ಸ್‌ಪಿಯೇ ಹಗುರ ಅನಿಸುತ್ತದೆ. ಡಾಟ್ ಮ್ಯಾಟ್ರಿಕ್ಸ್‌ಗೆ ಕಂಡೆನ್ಸ್ಡ್ ಅಕ್ಷರ, ಪೇಜ್ ಉದ್ದ ಇವನ್ನೆಲ್ಲ ಆ ಪ್ರೋಗ್ರಾಂ ಎಸ್ಕೇಪ್ ಕೋಡ್ ಎಂಬ ಪ್ರಿಂಟರ್ ಆದೇಶಗಳಲ್ಲಿ ನೇರ ಕಳಿಸುತ್ತದೆ. ನಡುವೆ ಇನ್ನೊಂದು ಸಾಫ್ಟ್‌ವೇರ್ ಬಂದರೆ ರಸೀದಿಯ ಅಳತೆ ಕೆಡುವ ಸಾಧ್ಯತೆ ಇದೆ, ಸರಿಮಾಡಲು ಕೂರಬೇಕಾಗುತ್ತದೆ.

ಮತ್ತೆ, ಡೇಟಾ ಕಾಪಿ ಮಾಡುವಾಗ ಪೂರ್ತಿ ಫೋಲ್ಡರ್ ತಗೊಳ್ಳಿ. ಟೇಬಲ್ ಇರುವ ಡಿಬಿಎಫ್ ಫೈಲ್ ಮಾತ್ರ ತಂದು, ಉದ್ದ ಟಿಪ್ಪಣಿ (ಮೆಮೊ) ಇರುವ ಎಫ್‌ಪಿಟಿ ಫೈಲ್ ಬಿಟ್ಟರೆ ಮೆಮೊ ಇರುವ ಟೇಬಲ್ ತೆರೆಯುವುದಿಲ್ಲ. ಎಕ್ಸ್‌ಪಿ ಹೊಸದಾಗಿ ಹಾಕಿದ ಮೇಲೆ ಸಿಸ್ಟಮ್32 ಒಳಗಿನ ಕಾನ್ಫಿಗ್ ಡಾಟ್ ಎನ್‌ಟಿ ಫೈಲ್ ತೆರೆದು, ಫೈಲ್ಸ್ ಎಂಬ ಸಾಲಿನಲ್ಲಿ 40 ಇದ್ದದ್ದನ್ನು 100 ಮಾಡಿ. ಇಲ್ಲದಿದ್ದರೆ ಒಂದೇ ಸಲ ಹಲವು ಟೇಬಲ್ ತೆರೆಯುವ ರಿಪೋರ್ಟ್‌ಗೆ ಬಂದಾಗ ಪ್ರೋಗ್ರಾಂ ನಿಲ್ಲುತ್ತದೆ, ಡೇಟಾ ಕೆಟ್ಟಿದೆ ಎಂದು ನಾವು ಗಾಬರಿಯಾಗುತ್ತೇವೆ.

ಟಿಳಕವಾಡಿ ರಿಪೇರಿ

ಈಗ ಮೂರು ಮಷಿನ್‌ಗಳ ಮಾತು.

865 ಪೆಂಟಿಯಂ 4 ಬಿಡಿ. ಈಗ ಕೆಟ್ಟದ್ದರ ತಮ್ಮನೇ ಅದು. 2000ದ ದಶಕದ ಮೊದಲರ್ಧದಲ್ಲಿ ಬಂದ ಬೋರ್ಡ್‌ಗಳಲ್ಲಿ ಕೆಟ್ಟ ಕೆಪಾಸಿಟರ್‌ಗಳ ಹಾವಳಿ ದೇಶ ದೇಶಗಳಲ್ಲೂ ಇತ್ತು, ಬಹಳ ಕಂಪನಿಗಳ ಬೋರ್ಡ್‌ಗಳು ಅದಕ್ಕೆ ಸಿಕ್ಕವು. ಇವತ್ತು ಚೆನ್ನಾಗಿ ಕಂಡರೂ ಎಷ್ಟು ದಿನ ಎಂದು ಹೇಳಲಾಗದು. ಡಿಡಿಆರ್ 1 ರ‍್ಯಾಮ್ ಹುಡುಕಬೇಕು. ಬಿಸಿಯೂ ಜಾಸ್ತಿ. ಪ್ರೆಸ್ಕಾಟ್ ಎಂಬ ಸಾಲಿನ ಪೆಂಟಿಯಂ 4ಗಳು 84 ವಾಟ್‌ನಿಂದ 115 ವಾಟ್‌ವರೆಗೆ ತಿನ್ನುತ್ತವೆ, ಕೋರ್ 2 ಡ್ಯುಯೊ ಇ8400 ತಿನ್ನುವುದು 65. ಬಾಗಲಕೋಟೆಯ ಏಪ್ರಿಲ್ ಬಿಸಿಲಿಗೆ ಪ್ರೆಸ್ಸಿನ ಒಳಗೆ ಈ ವ್ಯತ್ಯಾಸ ಸಣ್ಣದಲ್ಲ.

ಎಚ್61 ಐ3 ಒಳ್ಳೆ ಮಷಿನ್, ಬೇರೆ ಕೆಲಸಕ್ಕೆ. ಅದಕ್ಕೂ ಎಕ್ಸ್‌ಪಿ ಹಾಕಬಹುದು, ಮೂರನೇ ತಲೆಮಾರಿನವರೆಗೆ ಇಂಟೆಲ್ ಎಕ್ಸ್‌ಪಿಗೆ ಡಿಸ್ಪ್ಲೇ ಡ್ರೈವರ್ ಕೊಟ್ಟಿದೆ, ನಾಲ್ಕನೆಯದಕ್ಕೆ ಇಲ್ಲ. ಆದರೆ ಎಷ್ಟೋ ಎಚ್61 ಬೋರ್ಡ್‌ಗಳ ಹಿಂದೆ ಪ್ಯಾರಲಲ್ ಪೋರ್ಟ್ ಇಲ್ಲ. ಕೆಲವದರಲ್ಲಿ ಬೋರ್ಡ್ ಮೇಲೆ ಎಲ್‌ಪಿಟಿ (ಪ್ಯಾರಲಲ್ ಪೋರ್ಟಿನ ಇನ್ನೊಂದು ಹೆಸರು) ಎಂದು ಬರೆದ ಪಿನ್‌ಗಳಿರುತ್ತವೆ, ಪಟ್ಟಿ ಕೇಬಲ್ ತಂದು ಹಾಕಿದರೆ ಅದು ನಿಜವಾದ ಪೋರ್ಟೇ, ಆದರೆ ಆ ಪಟ್ಟಿಯ ಪಿನ್ ಜೋಡಣೆ ಬೋರ್ಡಿಂದ ಬೋರ್ಡಿಗೆ ಬೇರೆ ಇರಬಹುದು.

ಜಿ41 ನಿಮಗೆ ಹೇಳಿ ಮಾಡಿಸಿದ್ದು. ಯಾಕೆಂದರೆ ಸಾಮಾನ್ಯವಾಗಿ ಅದರ ಜೊತೆ ಬರುವ ಐಸಿಎಚ್7 ಚಿಪ್‌ನಲ್ಲಿ ಎಎಚ್‌ಸಿಐ (ಸಾಟಾ ಡಿಸ್ಕ್‌ಗಳನ್ನು ನಡೆಸುವ ಹೊಸ ವಿಧಾನ, ಅದಕ್ಕೆ ಎಕ್ಸ್‌ಪಿಯಲ್ಲಿ ಬೇರೆ ಡ್ರೈವರ್ ಬೇಕು) ಇಲ್ಲ. ಕೇಳಲು ಇದು ಕೊರತೆ ಅನಿಸುತ್ತದೆ, ನಿಮಗೆ ಮಾತ್ರ ಅದೇ ಅನುಕೂಲ. ಎಕ್ಸ್‌ಪಿ ಸಿಡಿಗೆ ಸಾಟಾ ಡ್ರೈವರ್ ಸೇರಿಸುವ, ಫ್ಲಾಪಿ ಹುಡುಕುವ ಗೋಜೇ ಇಲ್ಲದೆ ನೇರ ಇನ್‌ಸ್ಟಾಲ್ ಆಗುತ್ತದೆ. ಒಂದು ಐಡಿಇ ಕನೆಕ್ಟರ್ ಬಹಳಷ್ಟು ಬೋರ್ಡ್‌ಗಳಲ್ಲಿ ಉಂಟು, ಹಳೆ ಡಿಸ್ಕ್ ಹಾಕಿ ನೋಡಬಹುದು. ಪಿಎಸ್/2 ಕೀಬೋರ್ಡ್ ಹಾಕಬಹುದು. ಹಿಂದೆ ಪ್ಯಾರಲಲ್ ಇದೆಯೇ ಎಂದು ಕಣ್ಣಾರೆ ನೋಡಿ. ಎಲ್ಲ ಜಿ41ಗಳಲ್ಲೂ ಇರುವುದಿಲ್ಲ.

ಕಂಪನಿಗಳಿಂದ ಬರುವ ಹಳೆ ಡೆಲ್, ಎಚ್‌ಪಿ ಸಿಕ್ಕರೆ ಅವನ್ನೂ ನೋಡಿ. ಡೆಲ್ ಆಪ್ಟಿಪ್ಲೆಕ್ಸ್ 780ರಲ್ಲಿ ಪ್ಯಾರಲಲ್, ಸೀರಿಯಲ್ ಎರಡೂ ಇವೆ. ಅದರಲ್ಲಿ ಎಕ್ಸ್‌ಪಿ ಹಾಕುವ ಮುಂಚೆ ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆ) ಸಾಟಾವನ್ನು ಎಎಚ್‌ಸಿಐ ಬಿಡಿಸಿ ಎಟಿಎಗೆ ತಿರುಗಿಸಬೇಕು. ದೊಡ್ಡ ಟವರ್ ಮಾಡೆಲ್ಲೇ ತಗೊಳ್ಳಿ. ಸಣ್ಣ ಡಬ್ಬಿಯ ಮಾಡೆಲ್‌ಗಳ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಪವರ್ ಕೊಡುವ ಭಾಗ) ಆಕಾರವೇ ಬೇರೆ, ಕೆಟ್ಟರೆ ಬಾಗಲಕೋಟೆಯಲ್ಲಿ ಸಿಗುವುದಿಲ್ಲ, ಇಲ್ಲೂ ಸಿಗುವುದು ಕಷ್ಟ.

ಫೌಂಡ್ರಿ ಲ್ಯಾಬ್ (ಬೆಳಗಾವಿ)

ನಡುವೆ ಬಂದೆ, ಕ್ಷಮಿಸಿ. ನಮ್ಮಲ್ಲಿ ಲೋಹದ ಮಿಶ್ರಣ ಪರೀಕ್ಷಿಸುವ ಹಳೆ ಸ್ಪೆಕ್ಟ್ರೋಮೀಟರ್ ಇದೆ. ಅದರ ಕಾರ್ಡ್ ಉದ್ದನೆಯ ಕಪ್ಪು ಸ್ಲಾಟಿಗೆ ಕೂರುತ್ತದೆ, ವಿಂಡೋಸ್ 98. ಅದಕ್ಕೂ ಜಿ41 ಆಗುತ್ತದೆಯೇ?

ಉದ್ಯಮಬಾಗ

ಆಗುವುದಿಲ್ಲ. ಅದು ಐಎಸ್‌ಎ ಸ್ಲಾಟ್. ನಿಮಗೆ 440ಬಿಎಕ್ಸ್ ಚಿಪ್‌ಸೆಟ್‌ನ ಪೆಂಟಿಯಂ 2 ಅಥವಾ 3 ಬೋರ್ಡ್ ಬೇಕು, 1998ರ ಹೊತ್ತಿನದು. ಅದಾದ ಮೇಲೆ ಬಂದ ಇಂಟೆಲ್ 800 ಸಾಲಿನ ಚಿಪ್‌ಸೆಟ್‌ಗಳು ಐಎಸ್‌ಎ ಬಿಟ್ಟವು. ಕಾರ್ಖಾನೆಗಳಿಗೆಂದೇ ಮಾಡುವ ಇಂಡಸ್ಟ್ರಿಯಲ್ ಬೋರ್ಡ್‌ಗಳಲ್ಲಿ ಐಎಸ್‌ಎ ಆಮೇಲೂ ಇತ್ತು, ಬೆಲೆ ಮಾತ್ರ ಜಾಸ್ತಿ. ಕಾರ್ಡ್ ತೆಗೆಯುವ ಮುಂಚೆ ಅದರ ಜಂಪರ್‌ಗಳ ಫೋಟೊ ತೆಗೆದಿಡಿ. ರ‍್ಯಾಮ್ 512 ಎಂಬಿ ದಾಟಿಸಬೇಡಿ, 98ಕ್ಕೆ ಅದಕ್ಕಿಂತ ಹೆಚ್ಚಾದರೆ ತೊಂದರೆ ಶುರುವಾಗುತ್ತದೆ. ಡಿಸ್ಕ್ 137 ಜಿಬಿ ಒಳಗಿರಲಿ, ಅದರ ಡ್ರೈವರ್‌ಗೆ ಅದೇ ಮಿತಿ. ಐಡಿಇಗೆ ಹಾಕುವ ಕಾಂಪ್ಯಾಕ್ಟ್ ಫ್ಲ್ಯಾಶ್ ಅಡಾಪ್ಟರ್ ಒಳ್ಳೆಯದು, ಫೌಂಡ್ರಿ ಧೂಳಿಗೆ ತಿರುಗುವ ಡಿಸ್ಕಿಗಿಂತ ಅದು ತಡೆಯುತ್ತದೆ.

ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಡಾಸ್ ಪ್ರೋಗ್ರಾಂ ಏನಾದರೂ ಇದ್ದು, ವೇಗದ ಮಷಿನ್ ಮೇಲೆ ರನ್‌ಟೈಮ್ ಎರರ್ 200 ಎಂದು ನಿಂತರೆ ಹೆದರಬೇಡಿ. ಪ್ರೊಸೆಸರ್ ವೇಗ ಅಳೆಯುವ ಲೆಕ್ಕದಲ್ಲಿ ಭಾಗಾಕಾರ ಮೀರಿಹೋಗುತ್ತದೆ, ಅಷ್ಟೇ. ಅದಕ್ಕೆ ಪ್ಯಾಚ್ ಇದೆ. ಮಿಕ್ಕಿದ್ದಕ್ಕೆ ಬೇರೆ ವಿಷಯ ತೆರೆಯಿರಿ, ಇಲ್ಲಿ ಪ್ರೆಸ್ಸಿನವರ ಮಾತು ಮುಗಿಯಲಿ.

ಡಿಟಿಪಿ ಅಕ್ಕ (ಗುಳೇದಗುಡ್ಡ)

ನಾನೂ ವರ್ಷಗಟ್ಟಲೆ ಪೇಜ್‌ಮೇಕರ್‌ನಲ್ಲಿ ಕೂತವಳು, ಅದಕ್ಕೆ ಬರೆಯುತ್ತಿದ್ದೇನೆ. ಎಲ್ಲರೂ ಮಷಿನ್ ಮಾತಾಡಿದರು. ಫೈಲ್‌ಗಳ ಮಾತು ಯಾರೂ ಆಡಲಿಲ್ಲ.

ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಕೊನೆಯದು. ಅದರ ಫೈಲನ್ನು ಇನ್‌ಡಿಸೈನ್ ಎಂಬ ಪುಟವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ತೆರೆಯಬಹುದಿತ್ತು, ಸಿಎಸ್6ವರೆಗೆ ಮಾತ್ರ. ಆಮೇಲಿನ ಸಿಸಿ ಆವೃತ್ತಿಗಳು ಅದನ್ನು ತೆರೆಯುವುದಿಲ್ಲ. ಅಂದರೆ ನಿಮ್ಮ ಹಳೆ ಕೆಲಸವೆಲ್ಲ ಈ ಒಂದು ಮಷಿನ್ ಮೇಲೆ ನಿಂತಿದೆ. ಬರೀ ಪೇಜ್‌ಮೇಕರ್ ಫೈಲ್ ಕಾಪಿ ಮಾಡಿದರೆ ಉಪಯೋಗವಿಲ್ಲ. ಅದಕ್ಕೆ ಜೋಡಿಸಿದ ಗಣಪತಿ ಚಿತ್ರ, ಬಾರ್ಡರ್, ಲೋಗೊ ಎಲ್ಲ ಬೇರೆ ಫೈಲ್‌ಗಳಲ್ಲಿರುತ್ತವೆ, ಅದೇ ಹಾದಿಯಲ್ಲಿ ಇರಬೇಕು. ಹೊಸ ಮಷಿನ್‌ನಲ್ಲೂ ಡಿಸ್ಕ್ ಭಾಗಗಳಿಗೆ ಅವೇ ಡ್ರೈವ್ ಅಕ್ಷರ ಕೊಡಿ, ಡಿ ಇದ್ದದ್ದು ಡಿಯೇ ಇರಲಿ. ಫಾಂಟ್ ಫೋಲ್ಡರ್ ಪೂರ್ತಿ ಎತ್ತಿಡಿ.

ಇನ್ನೊಂದು ಮುಖ್ಯ ವಿಷಯ. ಆ ಹಳೆ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಫಾಂಟ್ ಕಳೆದರೆ ನಿಮ್ಮ ಇಡೀ ವರದಿ ಅರ್ಥವಿಲ್ಲದ ಗೆರೆಗಳಾಗುತ್ತದೆ. ನುಡಿ, ಬರಹದ ಹಳೆ ಆವೃತ್ತಿಗಳದ್ದೂ ಹೀಗೇ. ಇವನ್ನು ಯೂನಿಕೋಡ್‌ಗೆ ತಿರುಗಿಸುವ ಸಾಧನಗಳಿವೆ, ಬಿಡುವಿದ್ದಾಗ ಮುಖ್ಯವಾದ ಪಠ್ಯ ತಿರುಗಿಸಿ ಇಟ್ಟುಕೊಳ್ಳಿ. ಆದರೆ ತಿರುಗಿಸಿದ್ದನ್ನು ಓದದೆ ಅಚ್ಚಿಗೆ ಕಳಿಸಬೇಡಿ. ಅರ್ಕಾವತ್ತು ಹಳೆ ಫಾಂಟ್‌ನಲ್ಲಿ ವ್ಯಂಜನದ ಆಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲೇ ಬರಬೇಕು. ಈ ಅದಲುಬದಲಿನಲ್ಲಿ ಒತ್ತಕ್ಷರದ ಜೊತೆ ಎಡವುತ್ತದೆ. ಲಗ್ನಪತ್ರಿಕೆಯಲ್ಲಿ ಮನೆತನದ ಹೆಸರು ತಪ್ಪಾದರೆ ಯಾರು ಒಪ್ಪುತ್ತಾರೆ?

ಮುಗಿದ ಪ್ರತಿ ಕೆಲಸವನ್ನು ಪಿಡಿಎಫ್ ಕೂಡ ಮಾಡಿಡಿ. ಎಕ್ಸ್‌ಪಿ ಮಷಿನ್‌ನಲ್ಲಿ ಪಿಡಿಎಫ್ ಮಾಡಿ ಇಂಟರ್ನೆಟ್ ಇರುವ ಬೇರೆ ಕಂಪ್ಯೂಟರಿಗೆ ಒಯ್ದರೆ, ಪ್ಲೇಟ್‌ಗೆ ಕಳಿಸುವುದು, ವಾಟ್ಸಾಪ್‌ನಲ್ಲಿ ಪ್ರೂಫ್ ತೋರಿಸುವುದು ಎಲ್ಲ ಅಲ್ಲಿಂದಲೇ ಆಗುತ್ತದೆ.

ನವನಗರ ಪ್ರೆಸ್

ಅಕ್ಕಾ, ಡ್ರೈವ್ ಅಕ್ಷರದ ಮಾತು ನನಗೆ ಹೊಳೆದೇ ಇರಲಿಲ್ಲ. ಡಿಸ್ಕ್ ಇಮೇಜ್ ತೆಗೆದದ್ದಾಯಿತು, ಪುಣ್ಯಕ್ಕೆ ಒಂದೂ ಕೆಟ್ಟ ಸೆಕ್ಟರ್ ಇಲ್ಲ. ಜಿ41 ಎಂದು ತೀರ್ಮಾನ. ಆ ಹಳೆ ಡಿಸ್ಕನ್ನೇ ತೆಗೆದು ಹೊಸ ಬೋರ್ಡಿಗೆ ಹಾಕಿದರೆ ನಡೆಯುತ್ತದೆಯೇ? ಅಂಗಡಿಯಲ್ಲಿ ಏನೇನು ನೋಡಲಿ?

ಟಿಳಕವಾಡಿ ರಿಪೇರಿ

ಹಾಗೇ ಹಾಕಿದರೆ ನೀಲಿ ಪರದೆ ಬಂದು 7ಬಿ ಎಂಬ ಕೋಡ್ ತೋರಿಸುವುದೇ ಹೆಚ್ಚು. ಹಳೆ ಬೋರ್ಡಿನ ಐಡಿಇ ಡ್ರೈವರ್ ಹೊಸದಕ್ಕೆ ಹೊಂದುವುದಿಲ್ಲ. ಹೊಸ ಡಿಸ್ಕಿಗೆ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3 ಹೊಸದಾಗಿ ಹಾಕಿ, ಸಾಫ್ಟ್‌ವೇರ್ ಸಿಡಿಗಳಿಂದ ಇನ್‌ಸ್ಟಾಲ್ ಮಾಡಿ, ಆಮೇಲೆ ಫೈಲ್ ತನ್ನಿ. ನಿಮ್ಮ ಹತ್ತಿರ ಸಿಡಿಗಳು ಇವೆ ಎಂದುಕೊಂಡಿದ್ದೇನೆ. ಹಳೆ ಡಿಸ್ಕ್ ಮುಟ್ಟಬೇಡಿ, ಕಪಾಟಿನಲ್ಲಿರಲಿ.

ಅಂಗಡಿಗೆ ಹೋಗುವಾಗ ಲಾಕ್, ಅದರ ಸಿಡಿ, ಪ್ರಿಂಟರ್ ಕೇಬಲ್ ಚೀಲದಲ್ಲಿರಲಿ. ಆದರೆ ಲಾಕನ್ನು ಮೊದಲು ಹಾಕಬೇಡಿ. ಮೊದಲು ಕ್ಯಾಬಿನೆಟ್ ಬಿಚ್ಚಿಸಿ. ಕೆಪಾಸಿಟರ್‌ಗಳ ತಲೆ ಚಪ್ಪಟೆ ಇರಬೇಕು, ಬುಡದಲ್ಲಿ ಕಂದು ಕಲೆ ಇರಬಾರದು. ಬೆಸುಗೆ ಹಾಕಿದ ಗುರುತಿದ್ದರೆ ಬೇರೆ ಬೋರ್ಡ್ ಕೇಳಿ. ಆನ್ ಮಾಡಿಸಿ ಬಯೋಸ್‌ಗೆ ಹೋಗಿ, ಪ್ಯಾರಲಲ್ ಪೋರ್ಟ್ ಎನೇಬಲ್ ಇದೆಯೇ, ವಿಳಾಸ 378 ಇದೆಯೇ ನೋಡಿ. ಮೋಡ್ ಇಸಿಪಿ ಇದ್ದು ಲಾಕ್ ಸಿಗದಿದ್ದರೆ ಇಪಿಪಿ ಅಥವಾ ಎಸ್‌ಪಿಪಿ ಮಾಡಿ ನೋಡಿ. ಅಂಗಡಿಯಲ್ಲಿ ಯಾವುದಾದರೂ ಡಾಟ್ ಮ್ಯಾಟ್ರಿಕ್ಸ್ ಇದ್ದರೆ ಮೊದಲು ಅದರ ಮೇಲೆ ಒಂದು ಪ್ರಿಂಟ್ ತೆಗೆಯಿರಿ. ಪೋರ್ಟ್ ಜೀವಂತ ಇದೆ ಎಂದು ಖಾತ್ರಿಯಾದ ಮೇಲೆ, ಆಫ್ ಮಾಡಿ, ಲಾಕ್ ಹಾಕಿ.

ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಪೆನ್ ಡ್ರೈವ್‌ನಲ್ಲಿ ಒಯ್ಯಿರಿ, ಒಂದು ಸುತ್ತು ಮುಗಿಯುವವರೆಗೆ ಬಿಡಿ, ಅದೇ ಹೊತ್ತಿಗೆ ಮಷಿನ್ ಬಿಸಿಯೂ ಆಗುತ್ತದೆ. ರ‍್ಯಾಮ್ 2 ಜಿಬಿ ಸಾಕು. 32 ಬಿಟ್ ಎಕ್ಸ್‌ಪಿ 4 ಜಿಬಿ ಹಾಕಿದರೂ ಪೂರ್ತಿ ಬಳಸುವುದಿಲ್ಲ. ಅದರ ಜೊತೆ ಕೊಡುವ ಹಾರ್ಡ್ ಡಿಸ್ಕ್ ನಂಬಬೇಡಿ. ಸಣ್ಣ ಎಸ್‌ಎಸ್‌ಡಿ ಹೊಸದು ತಗೊಳ್ಳಿ, ವಿಂಡೋಸ್ 7 ಇರುವ ಕಂಪ್ಯೂಟರಿನಲ್ಲಿ ಮೊದಲು ಪಾರ್ಟಿಷನ್ ಮಾಡಿಸಿ, ಎಕ್ಸ್‌ಪಿ ತಾನೇ ಮಾಡಿದರೆ ಅಳತೆ ಸರಿಹೊಂದುವುದಿಲ್ಲ, ನಿಧಾನವಾಗುತ್ತದೆ. ಎಸ್‌ಎಂಪಿಎಸ್ ಹೊಸದು ಹಾಕಿಸಿ. ಬಯೋಸ್‌ನ ಸಿಆರ್ 2032 ಬ್ಯಾಟರಿ ಬದಲಿಸಿ. ದುಡ್ಡಿಗೆ ಸಾಧ್ಯವಾದರೆ ಅದೇ ಮಾಡೆಲ್‌ನ ಇನ್ನೊಂದು ಬೋರ್ಡ್ ಈಗಲೇ ಎತ್ತಿಡಿ.

ಸೊಸೈಟಿ ಲೆಕ್ಕ (ವಿಜಯಪುರ)

ಇಂಟರ್ನೆಟ್ ಮಾತ್ರ ಕೊಡಬೇಡಿ ಅದಕ್ಕೆ. ಎಕ್ಸ್‌ಪಿಗೆ ಸುರಕ್ಷತೆಯ ಅಪ್‌ಡೇಟ್ 2014ರ ಏಪ್ರಿಲ್ 8ಕ್ಕೇ ನಿಂತಿದೆ. ಗಿರಾಕಿಗಳು ತರುವ ಪೆನ್ ಡ್ರೈವ್ ಮೊದಲು ವಿಂಡೋಸ್ 10 ಇರುವ ಬೇರೆ ಕಂಪ್ಯೂಟರಿಗೆ ಹಾಕಿ ಸ್ಕ್ಯಾನ್ ಮಾಡಿ, ಬೇಕಾದ ಫೈಲ್ ಮಾತ್ರ ನಿಮ್ಮದೇ ಬೇರೆ ಪೆನ್ ಡ್ರೈವ್‌ಗೆ ಹಾಕಿ ಎಕ್ಸ್‌ಪಿಗೆ ಒಯ್ಯಿರಿ. ಎರಡಕ್ಕೂ ಕೇಬಲ್ ಎಳೆದು ಶೇರ್ ಮಾಡೋಣ ಎಂದರೆ ವಿಂಡೋಸ್ 10ಕ್ಕೆ ಎಕ್ಸ್‌ಪಿಯ ಶೇರ್ ಕಾಣುವುದಿಲ್ಲ. ಎಕ್ಸ್‌ಪಿ ಫೈಲ್ ಹಂಚಲು ಬಳಸುವ ಎಸ್‌ಎಂಬಿ 1 ಎಂಬ ಹಳೆ ವಿಧಾನವನ್ನು 2017ರ ಆವೃತ್ತಿಯಿಂದ ಅದರಲ್ಲಿ ತೆಗೆದಿಟ್ಟಿದ್ದಾರೆ. ಆನ್ ಮಾಡಬಹುದು, ಆದರೆ ಅದು ಆ ಬೇರೆ ಮಷಿನ್‌ಗೂ ಅಪಾಯ. ಪೆನ್ ಡ್ರೈವೇ ಸಾಕು.

ನವನಗರ ಪ್ರೆಸ್

ಮಷಿನ್ ತಂದೆ. ಇಲ್ಲಿ ತೋರಿಸಿದ ಜಿ41ರ ಹಿಂದೆ ಪ್ಯಾರಲಲ್ ಪೋರ್ಟೇ ಇರಲಿಲ್ಲ, ಹಾಗಾಗಿ ಬೆಳಗಾವಿಗೆ ಬಂದು ನೋಡಿದೆ. ಅಲ್ಲಿ ಎರಡು ಸಿಕ್ಕವು. ಒಂದರಲ್ಲಿ ಪೋರ್ಟ್ ಇತ್ತು, ಪ್ರಿಂಟ್ ಬರಲಿಲ್ಲ, ಬಯೋಸ್‌ನಲ್ಲಿ ಎಲ್ಲ ಬದಲಿಸಿದರೂ ಇಲ್ಲ. ಇನ್ನೊಂದರಲ್ಲಿ ಪ್ರಿಂಟ್ ಬಂತು, ಆಫ್ ಮಾಡಿ ಲಾಕ್ ಹಾಕಿದೆ, ಅಕ್ಷರದ ಪ್ಯಾಕೇಜ್ ತೆರೆದುಕೊಂಡಿತು. ಅಂಗಡಿಯವರು ತಾಳ್ಮೆಯಿಂದ ಕಾದರು. ಅವರಿಗೂ, ನಿಮಗೆಲ್ಲರಿಗೂ ಧನ್ಯವಾದ. ಪ್ರೊಸೆಸರ್ ಇ8400, ರ‍್ಯಾಮ್ 2 ಜಿಬಿ. ಎಸ್‌ಎಸ್‌ಡಿ, ಎಸ್‌ಎಂಪಿಎಸ್ ಹೊಸದು. ಇನ್ನೊಂದು ಬೋರ್ಡ್ ಎತ್ತಿಡಲು ಹೇಳಿ ಬಂದಿದ್ದೇನೆ.

ಪೇಜ್‌ಮೇಕರ್ ಚೆನ್ನಾಗಿ ನಡೆಯುತ್ತಿದೆ, ಡ್ರೈವ್ ಅಕ್ಷರ ಅವೇ ಇಟ್ಟಿದ್ದರಿಂದ ಹಳೆ ಫೈಲ್‌ಗಳು ಚಿತ್ರಗಳ ಸಮೇತ ತೆರೆದವು. ಬಿಲ್ಲಿಂಗ್ ಕೂಡ ಬಂತು, ರಸೀದಿ ಅಳತೆ ಸರಿ ಇದೆ. ಒಂದೇ ತೊಂದರೆ. ಬಿಲ್ಲಿಂಗ್ ತೆರೆದಿಟ್ಟರೆ ಸಾಕು, ಏನೂ ಮಾಡದಿದ್ದರೂ ಫ್ಯಾನ್ ಜೋರಾಗುತ್ತದೆ, ಪೇಜ್‌ಮೇಕರ್ ನಿಧಾನವಾಗುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದರೆ ಎನ್‌ಟಿವಿಡಿಎಂ 50 ತೋರಿಸುತ್ತದೆ.

ಸೊಸೈಟಿ ಲೆಕ್ಕ (ವಿಜಯಪುರ)

50 ಎಂದರೆ ಎರಡು ಕೋರ್‌ಗಳಲ್ಲಿ ಒಂದನ್ನು ಪೂರ್ತಿ ತಿನ್ನುತ್ತಿದೆ. ಡಾಸ್ ಕಾಲದ ಪ್ರೋಗ್ರಾಂಗೆ ಕಂಪ್ಯೂಟರ್ ಎಲ್ಲ ತನ್ನದೇ, ಹಾಗಾಗಿ ಕೀ ಒತ್ತಿದರಾ ಒತ್ತಿದರಾ ಎಂದು ಬಿಡುವಿಲ್ಲದೆ ಕೇಳುತ್ತಲೇ ಇರುತ್ತದೆ. ಬಿಲ್ಲಿಂಗ್‌ನ ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ, ಮಿಸ್ಕ್ ಎಂಬ ಪುಟದಲ್ಲಿ ಐಡಲ್ ಸೆನ್ಸಿಟಿವಿಟಿ ಎಂಬ ಗುಂಡಿ ಇದೆ, ಅದನ್ನು ಹೈ ಕಡೆಗೆ ಪೂರ್ತಿ ಎಳೆಯಿರಿ. ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆದು ನೋಡಿ. ಇಳಿಯದಿದ್ದರೆ ಟೇಮ್ ಎಂಬ ಸಣ್ಣ ಸಾಧನ ಇದೆ, ಈ ಕೆಲಸಕ್ಕೇ ಮಾಡಿದ್ದು.

ನವನಗರ ಪ್ರೆಸ್

ಗುಂಡಿ ಎಳೆದೆ, 50 ಇದ್ದದ್ದು ಈಗ 4, 5ರ ಹತ್ತಿರ ಬಂತು. ಫ್ಯಾನ್ ಸದ್ದೂ ಇಳಿಯಿತು. ನಾಳೆ ಈ ಡಿಸ್ಕಿನದೂ ಕ್ಲೋನ್‌ಜಿಲ್ಲಾ ಇಮೇಜ್ ತೆಗೆದಿಡುತ್ತೇನೆ. ಫೌಂಡ್ರಿಯವರೇ, ನಾನು ನೋಡಿದ ಅಂಗಡಿಯ ಮೂಲೆಯಲ್ಲಿ ಉದ್ದನೆಯ ಕಪ್ಪು ಸ್ಲಾಟ್ ಇರುವ ಹಳೆ ಬೋರ್ಡ್ ಒಂದು ಬಿದ್ದಿತ್ತು. ನಿಮಗೆ ಬೇಕಿದ್ದರೆ ಖಾಸಗಿಯಾಗಿ ಸಂದೇಶ ಕಳಿಸಿ, ಯಾವ ಅಂಗಡಿ ಎಂದು ಹೇಳುತ್ತೇನೆ.